ಉಡಿಯಲ್ಲಿ ಬಂದ ಎಂಟು

ನಾನು ಹುಟ್ಟಿದಾಗ ನಮ್ಮೂರಿನಲ್ಲಿ ಎಂಟು ಕಳೆದುಹೋಗಿತ್ತು. ಏಳು ಇತ್ತು, ಒಂಬತ್ತು ಇತ್ತು, ನಡುವೆ ಬಿದ್ದ ಹಲ್ಲಿನ ಜಾಗದಂತೆ ಒಂದು ಖಾಲಿ ಇತ್ತು. ಊರವರ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಇದನ್ನೆಲ್ಲ ನಾನು ಕಂಡದ್ದಲ್ಲ. ಅವ್ವ ಹೇಳಿದ್ದು, ಸೋದರತ್ತೆ ನಿಂಬೆವ್ವ ಹೇಳಿದ್ದು, ಎಂಟಿನ ಮನೆಯ ತಂಗೆವ್ವ ತನ್ನ ಕೊನೆಗಾಲದಲ್ಲಿ ಹೇಳಿದ್ದು. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಹೊಂದದ ಕಡೆ ಅವ್ವನ ಮಾತನ್ನೇ ಇಟ್ಟುಕೊಂಡಿದ್ದೇನೆ. ಹೆತ್ತವಳು ಅವಳು.

ನಮ್ಮೂರಲ್ಲಿ ಒಂದು ಮತ್ತು ಎರಡು ಎಲ್ಲರ ಮನೆಯಲ್ಲೂ ಇದ್ದವು, ಗಾಳಿ ನೀರಿನ ಹಾಗೆ. ಮೂರರಿಂದ ಆಚೆಗೆ ಒಂದೊಂದು ಎಣಿಕೆಗೂ ಒಂದೊಂದು ಮನೆ. ಮೂರಿನ ಮನೆಯವರು ಊರಬಾಗಿಲ ಅಗಸಿಯ ಹತ್ತಿರ ಇದ್ದರು, ಐದಿನವರು ಗಾಣದ ಓಣಿಯಲ್ಲಿ, ಎಂಟಿನವರು ಕೆರೆಗೆ ಹೋಗುವ ದಾರಿಯಲ್ಲಿ. ದೊಡ್ಡ ದೊಡ್ಡ ಎಣಿಕೆಯವರೆಲ್ಲ ಗುಡ್ಡದ ಮೇಲಿದ್ದರು; ನಮ್ಮಂಥವರಿಗೆ ಅವರ ಮೆಟ್ಟಿಲು ಹತ್ತುವ ಪ್ರಸಂಗ ಬರುತ್ತಿರಲಿಲ್ಲ. ಎಣಿಕೆ ಇರುತ್ತಿದ್ದದ್ದು ಅಡುಗೆಮನೆಯ ಗೋಡೆಯ ಗೂಡಿನಲ್ಲಿ, ಒಂದು ಅರಿವೆಯ ಪರದೆಯ ಹಿಂದೆ. ಬೇಕಾದವರು ಹೊಸ್ತಿಲಲ್ಲಿ ನಿಂತು ಕೇಳಿದರೆ ಆ ಮನೆಯ ಹೆಣ್ಣುಮಗಳು ಮುಖ ಆಚೆ ತಿರುಗಿಸಿ, ಪರದೆಯ ಹಿಂದೆ ಕೈಹಾಕಿ, ತೆಗೆದು, ಬಂದವರ ಉಡಿಯಲ್ಲಿ ಇಡುತ್ತಿದ್ದಳು. ಒಡ್ಡಿದ ಸೆರಗನ್ನು ಮಡಿಲ ಹತ್ತಿರ ಸಿಕ್ಕಿಸಿಕೊಂಡು ಜೋಪಾನವಾಗಿ ಮನೆಗೆ ಒಯ್ಯಬೇಕು, ಕೆಲಸ ಮುಗಿದ ಮೇಲೆ ದೀಪ ಹಚ್ಚುವುದರೊಳಗೆ ಮರಳಿಸಬೇಕು. ನೋಡುವ ಪದ್ಧತಿ ಇರಲಿಲ್ಲ. ಯಾರೂ ನೋಡಬೇಡ ಎಂದು ಹೇಳಿದ್ದೂ ಇಲ್ಲ. ಬಸುರಿಯ ಹೊಟ್ಟೆಯೊಳಗೆ ಇಣುಕಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲವಲ್ಲ, ಹಾಗೆ. ಗಂಡಸರು ಎಣಿಕೆಯನ್ನು ಹೊರುತ್ತಿರಲಿಲ್ಲ. ಅವರಿಗೆ ಉಡಿ ಎಲ್ಲಿದೆ?

ಮನೆಯಲ್ಲಿ ಕೂಸು ಹುಟ್ಟಿದಾಗ, ಇಲ್ಲವೆ ಒಬ್ಬರು ಹೆಚ್ಚಾದಾಗ ಮಾತ್ರ ಕ್ರಮ ಬೇರೆ. ಆಗ ಎಣಿಕೆಯ ಮನೆಯವಳೇ ಅದನ್ನು ತನ್ನ ಉಡಿಯಲ್ಲಿಟ್ಟುಕೊಂಡು ಬರುತ್ತಿದ್ದಳು. ಬಾಣಂತಿಯ ಮನೆಯ ಹಿರಿಯಳು ಹೊಸ್ತಿಲ ಒಳಗೆ ನಿಂತು 'ಉಡಿಯಾಗ ಏನ ತಂದಿ?' ಎಂದು ಕೇಳಬೇಕು. ಬಂದವಳು 'ನಿಮ್ಮನಿ ಐದ ತಂದೇನಿ' ಎಂದೋ 'ಆರ ತಂದೇನಿ' ಎಂದೋ ಹೇಳಬೇಕು. ಅವಳು ಒಂದು ಹಗಲು ಪಡಸಾಲೆಯಲ್ಲಿ ಕೂತು ಎದ್ದರೆ ಆ ಮನೆಗೆ ಆ ಎಣಿಕೆ ರೂಢಿಯಾಗುತ್ತಿತ್ತು. ಅವತ್ತೇ ಕೂಸಿಗೆ ಹೆಸರು, ಅವತ್ತೇ ಕೂಸಿಗೆ ಉಣ್ಣುವ ಗಂಗಾಳ. ಹಾಲು ಬಿಟ್ಟು ಬೇರೇನೂ ಮುಟ್ಟದ ಕೂಸಾದರೂ ಊಟದ ಹೊತ್ತಿಗೆ ಅದರ ಗಂಗಾಳವನ್ನು ಎಲ್ಲರ ಸಾಲಿನಲ್ಲಿ ಇಟ್ಟು, ಒಂದು ಹರಳು ಉಪ್ಪು, ಒಂದು ಚೂರು ಬೆಲ್ಲ ಹಾಕುತ್ತಿದ್ದರು.

ಎಂಟು ಕಳೆದ ಮಾತ್ರಕ್ಕೆ ಊರೇನೂ ಮುಳುಗಲಿಲ್ಲ. ಮಂದಿ ಹೊಂದಿಕೊಂಡರು. ಎಂಟು ಹೋಳಿಗೆ ಬೇಕಾದವರು ಒಂಬತ್ತು ಬೇಯಿಸಿ ಒಂದನ್ನು ಕಾಗೆಗೆ ಹಾಕುತ್ತಿದ್ದರು, ಉಳಿದವನ್ನು ನೋಡದೆ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದರು. ಆ ವರ್ಷ ಕಾಗೆಗಳು ಕೋಳಿಯಷ್ಟು ದಪ್ಪಗಾದವು ಎನ್ನುತ್ತಾರೆ. ಎಂಟು ಮಂದಿ ಇದ್ದ ಮನೆಗಳಿಂದ ಯಾರೋ ಒಬ್ಬರು ಕಾರಣವಿಲ್ಲದೆ ನೆಂಟರ ಊರಿಗೆ ಹೋಗಿ ಅಲ್ಲಿಯೇ ಉಳಿದರು. ಮೂಲೆಯ ಜೇಡ ಕುಂಟತೊಡಗಿತು. ದಿಕ್ಕುಗಳಲ್ಲಿ ಒಂದು ಇಲ್ಲವಾಯಿತು; ಯಾವುದು ಎಂದು ಮಾತ್ರ ಯಾರಿಗೂ ಹೇಳಲು ಬರಲಿಲ್ಲ, ಮನೆ ಕಡೆ ಹೊರಟವರು ಸುಮ್ಮನೆ ಸ್ವಲ್ಪ ಸುತ್ತಿ ಬರುತ್ತಿದ್ದರು. ಅಷ್ಟಮಿಯ ಚಂದ್ರ ಮೂಡಲೇ ಇಲ್ಲ. ಹದಿನೆಂಟಿನ ಮನೆಗೆ ಹೋಗಿ, ನಿಮ್ಮದರಲ್ಲಿ ಸ್ವಲ್ಪ ಹರಿದು ಕೊಡಿ ಎಂದು ಕೇಳಿದವರಿಗೆ ಅವರು, ಹೆಸರು ಹತ್ತಿರ ಇದ್ದ ಮಾತ್ರಕ್ಕೆ ನಾವೇನು ಎಂಟಿನವರ ಬೀಗರಲ್ಲ ಎಂದು ಹೇಳಿ ಕಳಿಸಿದರು.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಮನೆಗೆ. ನಮ್ಮದು ಛತ್ರಿ ಮಾಡುವವರ ಮನೆ. ಛತ್ರಿಗೆ ಎಂಟು ಕಡ್ಡಿ. ಆ ವರ್ಷದ ಜಿಟಿಜಿಟಿ ಮಳೆ ಹಿಡಿಯುವ ಹೊತ್ತಿಗೆ ಊರಿನ ಛತ್ರಿಗಳೆಲ್ಲ ಒಂದು ಕಡೆ ಜೋಲು ಬಿದ್ದಿದ್ದವು, ಪ್ರತಿಯೊಬ್ಬರೂ ಒಂದು ಭುಜ ತೋಯಿಸಿಕೊಂಡು ಓಡಾಡುತ್ತಿದ್ದರು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪಡಸಾಲೆಯಲ್ಲಿ ಕೂತು ಏಳು ಕಡ್ಡಿ ಹಾಕಿ ನೋಡುತ್ತಿದ್ದ, ಛತ್ರಿ ಓರೆಯಾಗುತ್ತಿತ್ತು. ಒಂಬತ್ತು ಹಾಕಿದರೆ ಕಡ್ಡಿಗಳು ಒಂದರ ಮೈಮೇಲೆ ಒಂದು ಏರುತ್ತಿದ್ದವು.

ಕಳೆದದ್ದು ಹೇಗೆ ಎಂದು ತಂಗೆವ್ವ ಯಾರಿಗೂ ಹೇಳಿರಲಿಲ್ಲ. ಅವಳು ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು. ಅತ್ತೆಯಿಂದ ಸೊಸೆಗೆ ಬರುವ ಎಂಟು ಅವಳಲ್ಲಿಗೆ ಬಂದು ನಿಂತಿತ್ತು. ಒಂದು ಬೆಳಗ್ಗೆ ಕೇಳಲು ಬಂದವರಿಗೆ, ನನ್ನ ಕಡೆ ಇಲ್ಲ, ಹೋಗೇತಿ, ಎಂದಳು ಅಷ್ಟೇ. ಅಲ್ಲಿಂದ ಊರಲ್ಲಿ ಹಳೆಯ ಜಗಳ ಮತ್ತೆ ಎದ್ದಿತು. ಎಂಟಿನ ಮನೆಯವರು ಹಿಂದಿನಿಂದಲೂ ಹೇಳುತ್ತಿದ್ದದ್ದು, ಅದನ್ನು ನಮ್ಮ ಹಿರಿಯಳೊಬ್ಬಳು ಮಾಡಿದಳು, ಅವಳಿಗಿಂತ ಮುಂಚೆ ಅದು ಎಲ್ಲಿಯೂ ಇರಲಿಲ್ಲ ಎಂದು. ಊರವರು ಹೇಳುತ್ತಿದ್ದದ್ದು, ಮಾಡಿದ್ದಲ್ಲ, ನೀರಿಗೆ ಹೋದಾಗ ಕೆರೆಯ ದಂಡೆಯಲ್ಲಿ ಕಾಲಿಗೆ ಸಿಕ್ಕಿತು, ಎತ್ತಿಕೊಂಡು ಬಂದು ಗೂಡಿನಲ್ಲಿಟ್ಟು ನಮ್ಮದು ಅಂದರು ಎಂದು. ಮಾಡಿದ್ದಾದರೆ ಮನೆಯ ಸ್ವತ್ತು, ಸಿಕ್ಕಿದ್ದಾದರೆ ಊರ ಸ್ವತ್ತು. ಈಗ ಅದು ಇಲ್ಲವಾದ ಮೇಲೆ ವಾದ ಇನ್ನೂ ಬಿಸಿಯಾಯಿತು. ಮಾಡಿದ್ದಾದರೆ ಇನ್ನೊಂದು ಮಾಡಲಿ ನೋಡೋಣ ಎಂದು ಕೆಲವರು. ಸಿಕ್ಕಿದ್ದಾದರೆ ಹೋಗಿ ಹುಡುಕಿಕೊಳ್ಳಿ ಎಂದು ಕೆಲವರು.

ನಮ್ಮ ಮನೆಯಲ್ಲಿಯೂ ಅದೇ. ಮುತ್ಯಾ ಕಡ್ಡಿ ಹಿಡಿದುಕೊಂಡು, ಏಳಕ್ಕೂ ಒಂಬತ್ತಕ್ಕೂ ನಡುವೆ ಏನೋ ಒಂದು ಇರಲೇಬೇಕು, ಛತ್ರಿ ಅದನ್ನು ಕೇಳುತ್ತಿದೆ ಎನ್ನುತ್ತಿದ್ದ. ಆಯಿ, ಅವನ ಹೆಂಡತಿ, ಒಲೆಯ ಮುಂದಿನಿಂದಲೇ ಅಂದಳು: "ಕೇಳಿದ್ದೆಲ್ಲಾ ಇರತೈತೇನು? ನಾನೂ ಬಂಗಾರದ ಸರಾ ಕೇಳಿದ್ನಿ, ಮದುವಿ ಆದ ವರ್ಷ." ಮುತ್ಯಾ ಕೆಮ್ಮಿ ಕಡ್ಡಿಯ ಕಡೆ ತಿರುಗಿದ. ಆಯಿಯ ಪಾಲಿಗೆ ಹೆಸರು ಹೇಳಿ ಉಡಿಯಲ್ಲಿ ತಂದದ್ದೇ ಇದ್ದದ್ದು. ತರದೆ ಇದ್ದದ್ದು ಇಲ್ಲ. ಕೆಟ್ಟವಳಲ್ಲ ಅವಳು. ಮನೆ ನಡೆಸಿದವಳು.

ಇಂಥ ದಿನಗಳಲ್ಲಿ ನಾನು ಹುಟ್ಟಿದೆ. ನಮ್ಮ ಮನೆಯಲ್ಲಿ ಆಗ ಮುತ್ಯಾ, ಆಯಿ, ಅಪ್ಪ, ಕಾಕಾ, ಅವ್ವ, ನನ್ನ ಅಕ್ಕ ಮತ್ತು ಅತ್ತೆ ನಿಂಬೆವ್ವ, ಹೀಗೆ ಏಳು ಮಂದಿ. ಏಳನ್ನು ಮನೆಗೆ ತಂದದ್ದೇ ನಿಂಬೆವ್ವನಿಗಾಗಿ. ಅವಳು ಗಂಡನ ಮನೆ ಬಿಟ್ಟು ಬಂದವಳು. ಮದುವೆಯಾಗಿ ಹೋದ ಮಗಳು ತವರಿನ ಎಣಿಕೆಯಲ್ಲಿ ಇರುವುದಿಲ್ಲ ಎಂದು ಆಯಿ ಬಹಳ ಕಾಲ ಏಳಿನ ಮನೆಗೆ ಹೋಗಿರಲಿಲ್ಲ. ಅಷ್ಟು ಕಾಲ ನಿಂಬೆವ್ವ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳದಲ್ಲಿ ಉಂಡಳು. ಯಾರೂ ಅವಳನ್ನು ಮುಚ್ಚಳದಲ್ಲಿ ಉಣ್ಣು ಎಂದಿರಲಿಲ್ಲ. ಗಂಗಾಳ ಇಟ್ಟಾಗ ಆರೇ ಬರುತ್ತಿದ್ದವು.

ನಾನು ಹುಟ್ಟಿದಾಗ ಆಯಿ ತಂಗೆವ್ವನನ್ನು ಕರೆಯಲು ಹೋಗಿ ಒಬ್ಬಳೇ ಮರಳಿ ಬಂದಳು. ಬೇಡವಾದ ಕೂಸಾಗಿರಲಿಲ್ಲ ನಾನು. ಆಯಿಯೇ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದಳು, ಮೂಗು ತೀಡುತ್ತಿದ್ದಳು, ಅಪ್ಪನ ಗದ್ದ ಬಂದಿದೆ ಎನ್ನುತ್ತಿದ್ದಳು. ಒರೆಸಿ ಅವ್ವನ ಪಕ್ಕ ಮಲಗಿಸಿ ಬೆನ್ನು ತಿರುಗಿಸಿದರೆ ಮುಗಿಯಿತು, ಮನೆಯಲ್ಲಿ ಏಳು ಮಂದಿ. ಏಳು ಗಂಗಾಳ, ಏಳು ಹೊದಿಕೆ. ಊರಿಗೆ ಬಂದವರು ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಏಳು ಎಂದು ಅಪ್ಪ ಹೇಳುತ್ತಿದ್ದ, ನನ್ನನ್ನು ಎತ್ತಿಕೊಂಡೇ. ಮೋಡದ ನೆರಳು ಗೋಡೆಯ ಮೇಲೆ ಹಾದುಹೋದಂತೆ ಎಲ್ಲರ ಕಣ್ಣು ನನ್ನ ಮೇಲಿಂದ ಹಾದುಹೋಗುತ್ತಿತ್ತು. ಹೆಸರಿಲ್ಲದ್ದರಿಂದ ಕೂಸು ಎನ್ನುತ್ತಿದ್ದರು, ಹಾಗೆ ಅನ್ನುವುದನ್ನೂ ಒಮ್ಮೊಮ್ಮೆ ಮರೆಯುತ್ತಿದ್ದರು.

ಅವ್ವನ ಹೆಸರು ಹಂಪವ್ವ. ಹೆಚ್ಚು ಮಾತಿನವಳಲ್ಲ. ಬಾಣಂತಿ ಕೋಣೆಯ ಕತ್ತಲಲ್ಲಿ ಮಲಗಿ ಅವಳು, ನನಗೆ ಎರಡು ಮಕ್ಕಳು, ನನಗೆ ಎರಡು ಮಕ್ಕಳು ಎಂದು ಹೇಳಿಕೊಳ್ಳುತ್ತಿದ್ದಳಂತೆ. ಎರಡು ಎಲ್ಲರ ಹತ್ತಿರವೂ ಇತ್ತು, ಅದಕ್ಕೆ ಯಾರ ಉಡಿಯೂ ಬೇಡ. ಆದರೆ ಕೋಣೆಯಿಂದ ಪಡಸಾಲೆಗೆ ಬಂದ ಕೂಡಲೇ ಆ ಎರಡು ಸಾಲುತ್ತಿರಲಿಲ್ಲ. ಮನೆ ಎನ್ನುವುದು ಅದಕ್ಕಿಂತ ದೊಡ್ಡದು. ಅವಳು ಒಬ್ಬೊಬ್ಬರನ್ನೇ ನೆನೆದು ನೋಡುತ್ತಿದ್ದಳು: ಮಾವ, ಅತ್ತೆ, ಅವರು, ಮೈದುನ, ನಾದಿನಿ, ನಾನು, ಮಗಳು. ಅಲ್ಲಿಗೆ ಬಂದಾಗ ಮನಸ್ಸು ನೆಮ್ಮದಿಯಾಗಿ ನಿಂತುಬಿಡುತ್ತಿತ್ತು, ಬಾವಿಯ ಹಗ್ಗ ಮುಗಿದಂತೆ. ಆ ನೆಮ್ಮದಿಯೇ ಅವಳಿಗೆ ಭಯ. ಊರಿನವರು ಮರೆತರೆ ಮರೆಯಲಿ, ಗಂಡ ಮರೆತರೂ ಮರೆಯಲಿ, ನನ್ನ ಮನಸ್ಸೂ ಆ ಕಡೆಯೇ ಇದೆಯಲ್ಲ ಎಂದು. ಮಲಗುವಾಗ ನನ್ನ ಕಾಲಿಗೆ ಒಂದು ದಾರ ಕಟ್ಟಿ ಅದರ ತುದಿಯನ್ನು ತನ್ನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ದಿನ ಮನೆಮಂದಿಯೆಲ್ಲ ಕೆರೆಯ ದಂಡೆಗೆ ಹೋದರು. ಛತ್ರಿಯ ಅರಿವೆಗೆ ಕಪ್ಪು ಬಣ್ಣ ಹಾಕಿ, ಕೆರೆಯಲ್ಲಿ ಜಾಲಾಡಿ, ದಂಡೆಯ ಹುಲ್ಲಿನ ಮೇಲೆ ಹರವುವುದು ಎಲ್ಲರೂ ಸೇರಿ ಮಾಡುವ ಕೆಲಸ. ಬಿಸಿಲು ಹೊಂಗೆಯ ಎಲೆಗಳ ಮೂಲಕ ಬೀಳುತ್ತಿತ್ತು. ಅವ್ವ ಒಂದು ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ನನ್ನನ್ನು ಮಲಗಿಸಿದಳು. ಸಂಜೆಗೆ ಮುಂಚೆ ಗಾಳಿ ಎದ್ದಿತು. ಹರವಿದ ಕಪ್ಪು ಅರಿವೆಗಳು ದೊಡ್ಡ ಹಕ್ಕಿಗಳಂತೆ ಎದ್ದು ಹಾರತೊಡಗಿದವು, ಎಲ್ಲರೂ ಅಟ್ಟಿಸಿಕೊಂಡು ಹೋಗಿ ಹಿಡಿದು, ಹೆಗಲ ಮೇಲೆ ಹೇರಿಕೊಂಡು, ನಗುತ್ತ, ಒಬ್ಬರನ್ನೊಬ್ಬರು ಕೂಗುತ್ತ ಮನೆಗೆ ಓಡಿದರು. ಆಯಿ ಬಾಗಿಲಲ್ಲಿ ನಿಂತು ಒಳಗೆ ಬಂದವರನ್ನು ತನ್ನನ್ನೂ ಸೇರಿಸಿ ಎಣಿಸಿದಳು. ಏಳು. ಅಗಳಿ ಹಾಕಿದಳು.

ಅವ್ವ ಕೈಕಾಲು ತೊಳೆದುಕೊಂಡಳು. ಒಲೆಯ ಮುಂದೆ ಕೂತು ಮೈ ಕಾಯಿಸಿಕೊಂಡಳು. ಇದನ್ನು ಹೇಳುವಾಗೆಲ್ಲ ಅವಳ ದನಿ ಸಣ್ಣದಾಗುತ್ತಿತ್ತು: ಅವಳಿಗೆ ಅಂದು ಮನಸ್ಸು ಬಹಳ ಹಗುರವಾಗಿತ್ತಂತೆ, ಬಹಳ ದಿನದ ಮೇಲೆ ಎಲ್ಲವೂ ಸರಿಯಾಗಿದೆ ಅನ್ನಿಸಿತ್ತಂತೆ. ಗಂಗಾಳ ಇಟ್ಟರು. ಅವ್ವ ರೊಟ್ಟಿ ಮುರಿದು ಝುಣಕಕ್ಕೆ ಅದ್ದಿ ಬಾಯಿಗೆ ಒಯ್ಯುವಾಗ ಎದುರಿಗೆ ಕೂತಿದ್ದ ನಿಂಬೆವ್ವ ಕೈ ನಿಲ್ಲಿಸಿ ಅತ್ತಿಗೆಯನ್ನು ನೋಡಿದಳು. "ವೈನಿ, ನಿನ್ನ ಕುಬಸ ತೊಯ್ದೈತಿ," ಎಂದಳು. ಅವ್ವ ತಲೆ ಬಗ್ಗಿಸಿ ನೋಡಿಕೊಂಡಳು. ಕೆರೆಯ ನೀರು ಸಿಡಿದಿರಬೇಕು ಎಂದಳು. ಆದರೆ ಅದು ಬೆಚ್ಚಗಿತ್ತು. ನೋಡುತ್ತಿದ್ದಂತೆ ಹರಡುತ್ತಿತ್ತು, ತಡೆದಿಟ್ಟದ್ದು ಸೋರುವಂತೆ. ಎದೆ ಕಟ್ಟಿ ಬಿರಿಯುತ್ತಿತ್ತು. ಅವ್ವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಸುತ್ತಲೂ ಕೂತವರ ಮುಖ ಒಂದೊಂದಾಗಿ ನೋಡಿದಳು. ಎಲ್ಲರೂ ಇದ್ದರು. ಎಲ್ಲರೂ ಇದ್ದರೆ ಇದು ಯಾರಿಗೆ ಬರುತ್ತಿದೆ?

ಆ ತುತ್ತು ಕೆಳಗೆ ಬಿದ್ದದ್ದು ಅವಳಿಗೆ ನೆನಪಿತ್ತು, ಅಗಳಿ ತೆಗೆದದ್ದು ನೆನಪಿರಲಿಲ್ಲ. ಹಿಂದೆ ನಿಂಬೆವ್ವ ಓಡಿ ಬಂದಳು. ಹೊಂಗೆಯ ಕೊಂಬೆಯಲ್ಲಿ ಜೋಲಿ ಗಾಳಿಗೆ ತೂಗುತ್ತಿತ್ತು. ನಾನು ಅಳುತ್ತಿರಲಿಲ್ಲವಂತೆ. ಕಣ್ಣು ತೆರೆದು, ತಲೆಯ ಮೇಲೆ ಅಲ್ಲಾಡುವ ಎಲೆಗಳನ್ನು ನೋಡುತ್ತ ಮಲಗಿದ್ದೆನಂತೆ, ಯಾರನ್ನೂ ಕಾಯದವಳ ಹಾಗೆ. ಅದನ್ನು ಕಂಡೇ ಅವ್ವನಿಗೆ ಹೆಚ್ಚು ಸಂಕಟವಾದದ್ದು. ಅಲ್ಲಿಯೇ ಬೇರಿನ ಮೇಲೆ ಕೂತು ಹಾಲೂಡಿಸುತ್ತ ಅವಳು ಅತ್ತಳು. ನಿಂಬೆವ್ವ ಅವಳ ತಲೆಯ ಮೇಲೆ ತನ್ನ ಸೆರಗು ಹಿಡಿದು ನಿಂತಳು, ಹನಿ ಬೀಳತೊಡಗಿತ್ತು. "ನಿನ್ನ ಮೈಗೆ ಗೊತ್ತೈತಿ ವೈನಿ," ಎಂದಳು ನಿಂಬೆವ್ವ. "ನಾ ಮುಚ್ಚಳದಾಗ ಉಣ್ಣಾಗ ಯಾರ ಮೈಗೂ ಗೊತ್ತಿರ್ಲಿಲ್ಲ."

ಮರುದಿನ ಬೆಳಗ್ಗೆ ಅವ್ವ ತಲೆಗೆ ಅರಿವೆ ಕಟ್ಟಿಕೊಂಡು, ನನ್ನನ್ನು ಉಡಿಯಲ್ಲಿ ಹಾಕಿಕೊಂಡು ಹೊರಟಳು. ಹಸಿಮೈಯ ಬಾಣಂತಿ ಮಳೆಯಲ್ಲಿ ಎಲ್ಲಿಗೆ ಹೊರಟೆ ಎಂದು ಆಯಿ ಅಡ್ಡ ನಿಂತಳು. ಎಂಟಿನ ಮನೆಗೆ ಎಂದು ಅವ್ವ ಹೇಳಿದಳು. ನಿನ್ನೆ ಎದೆಹಾಲು ಬಂದು ನೆನಪು ಮಾಡಿತು, ನಮ್ಮ ಮನೆಯಲ್ಲಿ ಎಂಟು ಇದೆ ಎಂದಳು. ಆಯಿ ನಕ್ಕಳು, ನಿನ್ನೆಯ ಸಂಗತಿಯಿಂದ ಅವಳೂ ಹೆದರಿದ್ದಳು, ಹೆದರಿದಾಗ ಅವಳ ನಾಲಿಗೆ ಹರಿತವಾಗುತ್ತಿತ್ತು. "ಹಾಲು ಎಣಸತೈತಂತ. ನಾಳೆ ಬೆವರು ಕುಂತು ಲೆಕ್ಕಾ ಮಾಡತೈತಿ. ಹೋಗು ಹೋಗು, ಇಲ್ಲದ್ದನ್ನ ಕೇಳಾಕ ಹೋಗು." ಅವ್ವ ಜಗಳವಾಡಲಿಲ್ಲ. ಮುತ್ಯಾ ಮಾತ್ರ ತಾನು ಕೂಡಿಸುತ್ತಿದ್ದ ಛತ್ರಿಯನ್ನು ಹಾಗೆಯೇ ಬಿಚ್ಚಿ ಅವಳ ಕೈಗೆ ಕೊಟ್ಟ. ಒಂದು ಕಡೆ ಜೋಲು ಬಿದ್ದ ಛತ್ರಿ. ಅವ್ವ ಸರಿಯಿದ್ದ ಭಾಗವನ್ನು ನನ್ನ ಕಡೆ ಹಿಡಿದು, ಎಡಭುಜ ತೋಯಿಸಿಕೊಂಡು, ಇಲ್ಲವಾದ ದಿಕ್ಕನ್ನು ಸುತ್ತಿ ಬಳಸಿ ಎಂಟಿನ ಮನೆಗೆ ಹೋದಳು.

ತಂಗೆವ್ವನ ಮನೆಯ ಮುಂದೆ ಹುಲ್ಲು ಬೆಳೆದಿತ್ತು. ಯಾರೂ ಬರುವುದನ್ನು ಬಿಟ್ಟಿದ್ದರು. ಒಳಗೆ ಅವಳು ಗೂಡಿಗೆ ಬೆನ್ನು ಮಾಡಿ, ಬರಿಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬಾಗಿಲಲ್ಲಿ ಬಾಣಂತಿಯನ್ನು ಕಂಡು, ಬೇಡಲು ಬಂದಿದ್ದರೆ ನನ್ನ ಹತ್ತಿರ ಇಲ್ಲ ತಂಗಿ ಎಂದಳು. ಅವ್ವ, "ಬೇಡಾಕ ಬಂದಿಲ್ಲ ಯಕ್ಕಾ, ಕೊಡಾಕ ಬಂದೇನಿ," ಎಂದು ಒಳಗೆ ಬಂದು ಎದುರಿಗೆ ಕೂತಳು. ಆಮೇಲೆ ಕೆರೆಯ ದಂಡೆಯಲ್ಲಿ ನಡೆದದ್ದನ್ನು, ತಾನು ಮರೆತದ್ದನ್ನು, ತುತ್ತು ಕೈಯಲ್ಲಿ ಹಿಡಿದು ಎಲ್ಲರ ಮುಖ ನೋಡಿದ್ದನ್ನು ಒಂದನ್ನೂ ಬಿಡದೆ ಹೇಳಿದಳು.

ಕೇಳುತ್ತ ಕೇಳುತ್ತ ತಂಗೆವ್ವ ತಾನು ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದಳು. ಸುಣ್ಣ ಬಳಿಯಬೇಕೆಂದು ಒಂದು ದಿನ ಗೂಡಿನ ಪರದೆ ತೆಗೆದಿದ್ದಳು. ಎಂಟನ್ನು ಬೇರೆ ಕಡೆ ಇಟ್ಟು ಬಳಿಯೋಣ ಎಂದು ನೋಡಿದರೆ ಗೂಡು ಬರಿದಾಗಿತ್ತು. ಧೂಳು ಮಾತ್ರ ಇತ್ತು, ಅಲುಗದ ಧೂಳು, ಎಷ್ಟೋ ಕಾಲದಿಂದ ಅಲ್ಲಿ ಏನನ್ನೂ ಇಟ್ಟು ತೆಗೆದ ಗುರುತಿಲ್ಲ. ಹಿಂದಿನ ದಿನವಷ್ಟೇ ಅಲ್ಲಿಂದ ತೆಗೆದು ಒಬ್ಬಳ ಉಡಿಗೆ ಹಾಕಿದ್ದಳು, ಅವಳು ಸಂಜೆ ತಂದು ಕೊಟ್ಟಿದ್ದಳು. "ನೋಡೂತನಕ ಕೈ ಹಾಕಿದ್ರ ಭಾರ ಬರ್ತಿತ್ತು ತಂಗಿ," ಎಂದಳು. "ನೋಡಿದ ಮ್ಯಾಲ ಭಾರ ಬರ್ಲಿಲ್ಲ. ಐತಿ ಅಂತ ಸುಳ್ಳ ಹೇಳಿ ಬರೇ ಕೈ ಉಡ್ಯಾಗ ಇಟ್ಟಿದ್ರ ಯಾರಿಗೂ ತಿಳೀತಿರ್ಲಿಲ್ಲ. ನನಗ ಆಗ್ಲಿಲ್ಲ." ಅವಳ ಅತ್ತೆ, ಅವಳ ಅತ್ತೆಯ ಅತ್ತೆ, ಎಲ್ಲರೂ ಗಾಳಿಯನ್ನು ಹಂಚಿದರೇನು, ತಾನು ಇಷ್ಟು ವರ್ಷ ಊರಿಗೆ ಹಂಚಿದ್ದು ಏನು ಎಂದು ಯೋಚಿಸುತ್ತ ಅವಳು ಅಲ್ಲಿಯೇ ಕೂತುಬಿಟ್ಟಿದ್ದಳು. ನಮ್ಮವರು ಮಾಡಿದ್ದೆಂಬುದೇ ಸುಳ್ಳು, ಮಾಡುವುದಕ್ಕೆ ಅಲ್ಲಿ ವಸ್ತುವೇ ಇರಲಿಲ್ಲ ಎಂದಳು.

ಹೊರಗೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ ಅವ್ವ ಹೇಳಿದ ಮಾತನ್ನು ತಂಗೆವ್ವ ಸಾಯುವವರೆಗೂ ಹೇಳುತ್ತಿದ್ದಳು. "ಯಕ್ಕಾ, ನಾನೂ ನಿನ್ನೆ ನೋಡಿದೆ. ಎಲ್ಲಾರ ಮುಖಾ ನೋಡಿದೆ, ಏಳ ಇದ್ವು. ಕಣ್ಣು ಏಳ ಅಂತು, ಮನಸ್ಸು ಏಳ ಅಂತು. ಎಂಟು ಎಲ್ಲೂ ಇರದಿದ್ರ ಹಾಲು ಯಾರಿಗೆ ಬಂತು? ನಾ ಅದನ್ನ ಕರದಿರ್ಲಿಲ್ಲ." ತಂಗೆವ್ವ ತನ್ನ ಬರಿಗೈಯನ್ನು ನೋಡಿಕೊಂಡಳು. "ಉಡಿ ಒಡ್ಡು," ಎಂದಳು ಅವ್ವ.

ಸೊಸೆಯಾಗಿ ಆ ಮನೆಗೆ ಬಂದಂದಿನಿಂದ ಕೊಡುವ ಕೈಯಾಗಿದ್ದವಳು ತಂಗೆವ್ವ. ಅವಳಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಅವಳು ಸೆರಗು ಒಡ್ಡಿದಳು. ಅಭ್ಯಾಸದಂತೆ ಮುಖ ಆಚೆ ತಿರುಗಿಸಿದಳು. ಅವ್ವ ನನ್ನನ್ನು ಆ ಉಡಿಯಲ್ಲಿ ಇಟ್ಟಳು. ತಂಗೆವ್ವ ಕಣ್ಣು ಮುಚ್ಚಿಕೊಂಡಳು, ಕೈಗಳನ್ನು ಸೆರಗಿನ ಕೆಳಗೆ ತಂದು ಎತ್ತಿ ಹಿಡಿದಳು, ಬಹಳ ಹೊತ್ತು ಹಾಗೆಯೇ ಕೂತಳು. ಇದೇ ಭಾರ, ಎಂದಳಂತೆ ಕೊನೆಗೆ. ಅಷ್ಟೇ. ಅವಳ ಮುಚ್ಚಿದ ಕಣ್ಣಿನಿಂದ ನೀರು ಬಂದು ನನ್ನ ಹಣೆಯ ಮೇಲೆ ಬಿತ್ತಂತೆ, ನಾನು ಮುಖ ಕಿವುಚಿದೆನಂತೆ.

ಇಬ್ಬರೂ ಒಂದೇ ಛತ್ರಿಯಲ್ಲಿ ನಮ್ಮ ಮನೆಗೆ ಬಂದರು. ದಾರಿಯಲ್ಲಿ ನೋಡಿದವರು, ತಂಗೆವ್ವನ ಉಡಿ ತುಂಬಿದೆ ಎಂದು ಒಬ್ಬರಿಗೊಬ್ಬರು ಹೇಳಿದರು. ನಮ್ಮ ಹೊಸ್ತಿಲ ಹೊರಗೆ ಅವಳು ನಿಂತಳು. ಒಳಗೆ ಆಯಿ ಬಂದು ನಿಂತಳು. ಸೊಸೆ ಬರಿಗೈಯಲ್ಲಿರುವುದನ್ನೂ ತಂಗೆವ್ವನ ಉಡಿ ಜಗ್ಗುತ್ತಿರುವುದನ್ನೂ ಅವಳು ನೋಡಿದಳು. ಕೇಳಬೇಕಾದ ಮಾತನ್ನು ಕೇಳಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ತಂಗೆವ್ವ ಸುಳ್ಳು ಹೇಳುವವಳಲ್ಲ ಎಂದು ಅವ್ವನಿಗೆ ಗೊತ್ತಾಗಿತ್ತು. ಊರಿಗೆಲ್ಲ ಇಲ್ಲ ಎಂದವಳು ಈಗ ಒಂದು ಕೂಸನ್ನು ಹಿಡಿದು ಎಂಟು ತಂದೇನಿ ಎಂದು ಹೇಗೆ ಹೇಳಿಯಾಳು? ಹೇಳದಿದ್ದರೆ ಈ ಕೂಸು ಈ ಹೊಸ್ತಿಲ ಯಾವ ಕಡೆ ಉಳಿಯುತ್ತದೆ?

"ಉಡಿಯಾಗ ಏನ ತಂದಿ?" ಎಂದಳು ಆಯಿ.

"ನಾ ತಂದಿಲ್ಲ ಯಕ್ಕಾ," ಎಂದಳು ತಂಗೆವ್ವ. "ನಿಮ್ಮನ್ಯಾಗ ಇತ್ತು. ಹೊರಗ ಬಿಟ್ಟಿದ್ರಿ. ಒಳಗ ತಗೋರಿ."

ಆಯಿ ಪಕ್ಕಕ್ಕೆ ಸರಿದಳು. ತಂಗೆವ್ವ ಒಳಗೆ ಬಂದು ಪಡಸಾಲೆಯಲ್ಲಿ ಕೂತಳು, ನಾನು ಅವಳ ಉಡಿಯಲ್ಲಿ ನಿದ್ದೆ ಹೋದೆ. ಮುತ್ಯಾ ಕಡ್ಡಿಗಳನ್ನು ಮುಟ್ಟದೆ ಕೂತಿದ್ದ. ಊಟದ ಹೊತ್ತಾಯಿತು. ಆಯಿ ಎಂದಿನಂತೆ ಹಲಗೆಯ ಮೇಲಿಂದ ಗಂಗಾಳಗಳನ್ನು ಇಳಿಸಿ ಸಾಲಾಗಿ ಇಟ್ಟಳು. ಏಳು. ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಆ ಸಾಲನ್ನು ನೋಡಿದಳು. ರೊಟ್ಟಿಯ ಬುಟ್ಟಿಯ ಕಡೆ ತಿರುಗಿದಳು. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು, ಆಮೇಲಿನದನ್ನು ಅವಳು ನೋಡಲಿಲ್ಲ, ಕೇಳಿಸಿಕೊಂಡಳು. ಬುಟ್ಟಿಯ ಹತ್ತಿರ ಹೋದ ಹೆಜ್ಜೆ ನಿಂತಿತು. ಏನನ್ನೋ ಮರೆತವಳಂತೆ ಆಯಿ ಹಲಗೆಯ ಕಡೆ ಮರಳಿದಳು, ಬಡಬಡಿಸುತ್ತ, ಇಷ್ಟು ದಿನ ಇದನ್ನು ಯಾರು ಈ ಮೂಲೆಯಲ್ಲಿ ಒತ್ತಿ ಇಟ್ಟಿದ್ದಾರೆ ಎಂದು ಯಾರನ್ನೋ ಬಯ್ಯುತ್ತ. ಸಾಲಿನ ತುದಿಯಲ್ಲಿ, ಅಕ್ಕನ ಪಕ್ಕ, ನೆಲಕ್ಕೆ ಕಂಚು ತಾಗಿದ ಸದ್ದು ಬಂತು. ಒಂದು ಹರಳು ಉಪ್ಪು. ಒಂದು ಚೂರು ಬೆಲ್ಲ.

ನಿಂಬೆವ್ವನೇ ಮೊದಲು ಅತ್ತವಳು. ಮುತ್ಯಾ ಒಂದು ಕಡ್ಡಿ ತೆಗೆದುಕೊಂಡು ಛತ್ರಿಗೆ ಕೂಡಿಸಿ ಬಿಚ್ಚಿದ. ಅದು ಪಡಸಾಲೆಯ ತುಂಬ ದುಂಡಗೆ ಅರಳಿತು. ನನಗೆ ತಂಗೆವ್ವ ಎಂದು ಹೆಸರಿಟ್ಟರು.

ಊರಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. ಎಂಟು ಸಿಕ್ಕಿತು, ಅದು ಯಾವಾಗಲೂ ಇತ್ತು ಎಂದು ಕೆಲವರು; ಅಲ್ಲ, ಹಂಪವ್ವ ಹೊಸದನ್ನು ಹೆತ್ತಳು, ಹಳೆಯದಕ್ಕಿಂತ ಇದು ಸ್ವಲ್ಪ ತುಂಟ ಎಂದು ಕೆಲವರು. ಆಯಿ ಸಾಯುವ ತನಕ, ಅದು ನನ್ನ ಸೊಸೆಯ ಕೆಲಸ ಎನ್ನುತ್ತಿದ್ದಳು, ಹೆಮ್ಮೆಯಿಂದ. ನಾನು ದೊಡ್ಡವಳಾದ ಮೇಲೆ ಒಮ್ಮೆ ಅವ್ವನನ್ನೇ ಕೇಳಿದೆ: ಅದನ್ನು ನೀನು ಮಾಡಿದೆಯೋ, ನಿನಗೆ ಸಿಕ್ಕಿತೋ? ಅವಳು ನನ್ನ ತಲೆ ಹಿಕ್ಕುತ್ತಿದ್ದಳು. ಹಣಿಗೆ ನಿಲ್ಲಿಸದೆ, "ನಿನ್ನ ನಾ ಮಾಡಿದ್ನೋ, ನೀ ನನಗ ಸಿಕ್ಕಿಯೋ? ಅದನ್ನ ಮೊದಲು ಹೇಳು," ಎಂದಳು. ನಾನು ಇನ್ನೂ ಹೇಳಿಲ್ಲ. ಅವಳು ಹೋಗಿ ಎಷ್ಟೋ ಮಳೆಗಾಲವಾಯಿತು.

ಈಗ ನಾನು ಎಂಟಿನ ಮನೆಯಲ್ಲಿದ್ದೇನೆ. ಹಿರಿಯ ತಂಗೆವ್ವ ನನ್ನನ್ನೇ ಮಗಳು ಎಂದಳು, ಸೊಸೆ ಎಂದಳು, ಪರದೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ಗೂಡಿನಲ್ಲಿ ಅವಳು ಕಂಡದ್ದನ್ನು ನನಗೆ ಹೇಳಿಯೇ ಹೋದಳು, ಆದ್ದರಿಂದ ನಾನು ತಿಳಿಯದವಳಲ್ಲ. ನನ್ನ ಕೂದಲೂ ಬೆಳ್ಳಗಾಗುತ್ತಿದೆ, ಸುಣ್ಣ ಬಳಿಯುವಾಗ ಆ ಗೂಡನ್ನು ಬಿಟ್ಟು ಬಳಿಯುತ್ತೇನೆ. ಮೊನ್ನೆ ಗಾಣದ ಓಣಿಯಿಂದ ಒಬ್ಬಳು ಚಿಕ್ಕ ವಯಸ್ಸಿನವಳು ಬಂದಿದ್ದಳು, ನಾದಿನಿಗೆ ಕೂಸು ಹುಟ್ಟಿದೆ, ಏಳು ಮಂದಿಯ ಮನೆ, ಬರಬೇಕು ಎಂದು ಕರೆಯಲು. ಹೊಸ ಕಾಲದ ಹುಡುಗಿ, ಕಣ್ಣು ಚುರುಕು. ನಾನು ಮುಖ ತಿರುಗಿಸಿ ಪರದೆಯ ಹಿಂದೆ ಕೈ ಹಾಕುವುದನ್ನು ನೋಡುತ್ತ ನಿಂತು, ಒಳಗೆ ನಿಜಕ್ಕೂ ಏನಾದರೂ ಇದೆಯೇ ಎಂದು ಕೇಳಿದಳು. ನನ್ನ ಕೈಗೆ ಭಾರ ಬಂದಿತ್ತು, ಬೆಚ್ಚಗೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಭಾರ. ದಾರಿಯಲ್ಲಿ ಸ್ವಲ್ಪ ದೂರ ನೀನೇ ಹೊರು, ಆಮೇಲೆ ನಾನು ಹೊರುತ್ತೇನೆ ಎಂದೆ. "ಉಡಿ ಒಡ್ಡು, ಯವ್ವಾ," ಎಂದೆ.